ತಟ್ಟು, ಎಳೆ, ನೋಡು

ಅಕ್ಟೋಬರ್ ೭, ಸೋಮವಾರ

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ನನ್ನ ಹೆಸರಿಗೆ ಶವದ ಹೂಚಕ್ರ ಬಂತು. ಬಿಳಿ ಸೇವಂತಿಗೆ, ಮೂರು ಕಾಲಿನ ಬಿದಿರ ಸ್ಟ್ಯಾಂಡು, ನೇರಳೆ ರಿಬ್ಬನ್ನು. ರಿಬ್ಬನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ‘ನೆಮೆಸಿಯೊ ಕಬಾನ್ಯೆರೊ, ಶಾಂತಿಯಿಂದ ಮಲಗು’. ನೆಮೆಸಿಯೊದಲ್ಲಿ ಎಸ್ ಇರಬೇಕಾದ ಕಡೆ ಸಿ ಬರೆದಿದ್ದಾರೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದು, ಐಸ್ ಕಾರ್ಖಾನೆಯ ಚೀಟಿಗಳ ಮೇಲೆ ದಿನಾ ಸಹಿ ಹಾಕಿದವನ ಹೆಸರು ಇವರಿಗೆ ಬರೆಯಲು ಬರುವುದಿಲ್ಲವೆಂದರೆ ಏನನ್ನಬೇಕು.

ತಂದ ಗಾಡಿಯವನು ಬಾಗಿಲಲ್ಲೇ ನಿಂತಿದ್ದ. “ಯಾರು ತೀರ್ಕೊಂಡ್ರು ನೋಂಗ್?” ಅಂದ, ಹಿರಿಯಣ್ಣನನ್ನು ಕರೆಯುವ ಹಾಗೆ.

“ಸದ್ಯಕ್ಕೆ ಯಾರೂ ಇಲ್ಲ.”

“ಹಂಗಾದ್ರೆ ಸಹಿ ಯಾರು ಮಾಡ್ತಾರೆ?”

ನಾನೇ ಮಾಡಿದೆ. ಎಸ್ ಹಾಕಿ ಮಾಡಿದೆ.

ನನ್ನ ಹೆಂಡತಿ ಅದೇಲಾ ಬದುಕಿದ್ದಿದ್ದರೆ ಹೂವನ್ನು ಬಿಡಿಸಿ ಚರ್ಚಿಗೆ ಕೊಟ್ಟು, ಸ್ಟ್ಯಾಂಡಿನ ಮೇಲೆ ಬಟ್ಟೆ ಒಣಗಹಾಕುತ್ತಿದ್ದಳು. ನಾನೂ ಹಾಗೇ ಮಾಡಿದೆ. ಈಗ ಅದರ ಮೇಲೆ ನನ್ನ ಎರಡು ಬನಿಯನ್ನು ಒಣಗುತ್ತಿವೆ. ಅವಳು ಹೋದ ಮೇಲೆ ಮನೆಗೆ ಬಂದ ಮೊದಲ ಹೊಸ ಸಾಮಾನು ಇದು.

ಇದೆಲ್ಲ ಮಿಂದಾಳ ಕೇಸಿನದು. ಮೀನು ಮಾರುವ ಹೆಂಗಸರನ್ನು ಕಟ್ಟಿಕೊಂಡು, ಮಾರುಕಟ್ಟೆ ಖಾಲಿ ಮಾಡುವುದಿಲ್ಲ ಎಂದು ಮೇಲಿನವರ ಎದುರು ನಿಂತಿದ್ದಳು. ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಬೈಕಿನಲ್ಲಿ ಇಬ್ಬರು ಬಂದರು. ಹಿಂದಿನವನು ಇಳಿದು ಪಿಸ್ತೂಲು ಎತ್ತಿದ. ಎದುರಿನ ಬಿಸಿ ಚಾಕೊಲೇಟು ಅಂಗಡಿಯಲ್ಲಿ ಕೂತಿದ್ದ ನಾವೆಲ್ಲ ಮೇಜಿನ ಕೆಳಗೆ ಹೋದೆವು. ನಾವೆಲ್ಲ ಅನ್ನುವುದು ತಪ್ಪು. ನನ್ನ ಎಡ ಮೊಣಕಾಲು ಬಗ್ಗುವುದಿಲ್ಲ. ಹಾಗಾಗಿ ನಾನೊಬ್ಬ ಬಟ್ಟಲು ಹಿಡಿದು ಕೂತೇ ಇದ್ದೆ. ಈ ಊರಿನಲ್ಲಿ ಸಾಕ್ಷಿ ಹೇಳಬಲ್ಲ ಒಬ್ಬನೇ ಮನುಷ್ಯ ನಾನಾದದ್ದಕ್ಕೆ ಕಾರಣ ಧೈರ್ಯವಲ್ಲ, ಮೊಣಕಾಲು.

ಅವನ ಪಿಸ್ತೂಲು ಹಾರಲಿಲ್ಲ. ‘ಟಿಕ್’ ಅಂದಿತು, ಅಷ್ಟೇ. ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ, ರಿಪೇರಿಯವನು ಕೆಟ್ಟ ರೇಡಿಯೊ ನೋಡುವ ಹಾಗೆ ಪಿಸ್ತೂಲನ್ನು ತಿರುಗಿಸಿ ನೋಡಿದ. ಆಗ ಮುಖ ಕಂಡಿತು. ಜುನ್‌ರೇ. ಚಿಕ್ಕವನಿದ್ದಾಗ ಐಸಿನ ಚೂರು ಬೇಡಲು ಕಾರ್ಖಾನೆಯ ಬಾಗಿಲಿಗೆ ಬರುತ್ತಿದ್ದವನು. ಮಿಂದಾ ಓಡಬಹುದಿತ್ತು. ಮೀನಿನ ಬೋಗುಣಿಯನ್ನು ಎದೆಗೆ ಒತ್ತಿಕೊಂಡು ನಮ್ಮ ಅಂಗಡಿಯ ಕಡೆ ನೋಡಿದಳು. ಅಷ್ಟರಲ್ಲಿ ಅವನು ಹೇಗೋ ಎಳೆದ, ಎರಡನೆಯದು ಹಾರಿತು.

ಜುನ್‌ರೇ ಜೈಲಿನಲ್ಲಿದ್ದಾನೆ. ಬೈಕು ಓಡಿಸಿದವನು ಯಾರೆಂದು ಯಾರಿಗೂ ಗೊತ್ತಿಲ್ಲ. ಅವನು ಹೊರಗೇ ಇದ್ದಾನೆ. ಹೂವು ಅವನದೇ ಇರಬೇಕು.

ಕೋರ್ಟಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ದುಭಾಷಿ ಇರುತ್ತಾನೆ, ಆದರೆ ನಾನು ಎರಡು ವರ್ಷ ಕಾಮರ್ಸ್ ಓದಿದವನು, ಇನ್ನೊಬ್ಬರ ಬಾಯಲ್ಲಿ ನನ್ನ ಮಾತೇಕೆ? ವಾಕ್ಯ ಸಿದ್ಧಮಾಡಿಕೊಂಡಿದ್ದೇನೆ: ‘ಐ ಸಾ ಹಿಸ್ ಫೇಸ್ ಬಿಕಾಸ್ ಹಿಸ್ ಗನ್ ಹ್ಯಾಡ್ ಎ ಮಾಲ್‌ಫಂಕ್ಷನ್.’ ಮಾಲ್ ಅಂದರೆ ಕೆಟ್ಟದ್ದು ಎಂದು ಇಂಗ್ಲಿಷ್ ಕಲಿಸಿದ ಮಿಸ್ ವಿಲ್ಯಾಫ್ಲೋರ್ ಹೇಳಿಕೊಟ್ಟಿದ್ದರು. ಮಲೇರಿಯಾ, ಕೆಟ್ಟ ಗಾಳಿ. ಇನ್ನೊಂದು ಉದಾಹರಣೆಯಿತ್ತು, ಮರೆತೆ. ವಾಕ್ಯ ಚೆನ್ನಾಗಿದೆ. ಕನ್ನಡಿಯ ಮುಂದೆ ಹೇಳಿ ನೋಡಿದೆ.

ಅಕ್ಟೋಬರ್ ೧೯, ಶನಿವಾರ

ಬಂದೂಕಿನ ಪರವಾನಗಿ ಕೈಗೆ ಬಂತು. ಅದೇಲಾಳ ಹೊಲಿಗೆ ಯಂತ್ರ ಕೊಟ್ಟು ಪಿಸ್ತೂಲು ತಂದದ್ದಾಯಿತು. ಯಂತ್ರದ ಎಣ್ಣೆಬುರುಡೆಯನ್ನು ಮಾತ್ರ ಉಳಿಸಿಕೊಂಡೆ. ಅದೇ ಎಣ್ಣೆ ಇದಕ್ಕೂ ಆಗುತ್ತದಂತೆ.

ಕಲಿಸುವವನು ಬೋನಿ. ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವನು, ಈಗ ಹಂದಿ ಸಾಕುತ್ತಾನೆ. ಹಂದಿಗೂಡಿನ ಹಿಂದೆ ಮಣ್ಣಿನ ದಿಬ್ಬ ಹಾಕಿ ಗುರಿ ಕಲಿಸುವ ಜಾಗ ಮಾಡಿಕೊಂಡಿದ್ದಾನೆ. ಹಂದಿಗಳು ಗುಂಡಿನ ಸದ್ದಿಗೆ ತಲೆಯೆತ್ತುವುದನ್ನೂ ಬಿಟ್ಟಿವೆ.

“ನೋಂಗ್ ಮೆಸ್ಯೊ, ಗುರಿ ಇಡೋದು ಹಂದೀಗೂ ಕಲಿಸ್ಬಹುದು,” ಅಂದ, ನನ್ನ ಹೆಸರನ್ನು ಮೊಟಕು ಮಾಡಿ. “ಹಾರ್ದೆ ಹೋದಾಗ ಏನ್ಮಾಡ್ಬೇಕು, ಅದು ವಿದ್ಯೆ. ಬಂದೂಕು ನಂಬಿದವ್ನು ಸತ್ತ. ಕೈ ನಂಬಿದವ್ನು ಮನೇಗ್ ಹೋದ. ಟಿಕ್ ಅಂತಾ? ಯೋಚ್ನೆ ಮಾಡ್ಬೇಡ. ಕೆಳಗಿಂದ ತಟ್ಟು, ಹಿಂದಕ್ಕೆ ಎಳೆ, ಮುಂದೆ ನೋಡು.”

“ಬಂದೂಕನ್ನ ನೋಡೋದಾ?”

“ಅಯ್ಯೋ ಕಾಲೇಜು! ಬಂದೂಕನ್ನ ನೋಡಿ ಏನ್ಮಾಡ್ತೀಯ, ಅದರ ಜಾತಕ ಬರೀತೀಯಾ? ಎದುರಿಗಿರೋನ್ನ ನೋಡು!”

ಜುನ್‌ರೇ ಬಂದೂಕನ್ನು ನೋಡಿದ್ದ. ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೆ ಗಾಜು ಏಳುತ್ತಿರಲಿಲ್ಲ, ಮುಖ ಕಾಣುತ್ತಿರಲಿಲ್ಲ, ನಾನು ಈಗ ಹಾಯಾಗಿ ಕೋಳಿಗಳಿಗೆ ಜೋಳ ಹಾಕಿಕೊಂಡು ಇರುತ್ತಿದ್ದೆ.

ಹೊರಡುವಾಗ ಬೋನಿ ಕೆಂಪು ಪ್ಲಾಸ್ಟಿಕ್ಕಿನ ಸುಳ್ಳುಗುಂಡುಗಳನ್ನು ಕೊಟ್ಟ. ನಿಜವಾದವುಗಳ ನಡುವೆ ಇವನ್ನು ಕಣ್ಣುಮುಚ್ಚಿ ಬೆರೆಸಬೇಕು, ಆಗ ಟಿಕ್ ಎನ್ನುವುದು ಯಾವಾಗ ಎಂದು ನಮಗೇ ಗೊತ್ತಿರುವುದಿಲ್ಲ. ಅವನ್ನು ಅದೇಲಾಳ ಗುಂಡಿಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಅಂಗಿಯ ಗುಂಡಿಗಳ ಜೊತೆ ಈ ಗುಂಡುಗಳು. ಅವಳು ನಗುತ್ತಿದ್ದಳು.

ನವೆಂಬರ್ ೧, ಶುಕ್ರವಾರ

ಇವತ್ತು ಸತ್ತವರ ಹಬ್ಬ, ಸ್ಮಶಾನಕ್ಕೆ ಹೋಗಲಿಲ್ಲ. ಇಡೀ ಊರು ಅಲ್ಲಿರುತ್ತದೆ, ಮೇಣದಬತ್ತಿ, ಅಕ್ಕಿಯ ಸಿಹಿ, ಇಸ್ಪೀಟು, ಮಕ್ಕಳು. ಅಂಥ ನೂಕಾಟದಲ್ಲಿ ಬೆನ್ನಿಗೆ ಯಾರಿದ್ದಾರೆ ಎಂದು ತಿಳಿಯುವುದಿಲ್ಲ. ಸಮಾಧಿಯ ಮುಂದೆ ಬತ್ತಿ ಹಚ್ಚಲು ಬಗ್ಗಬೇಕು, ಬಗ್ಗಿದರೆ ಮೊಣಕಾಲು ಏಳಲು ಬಿಡುವುದಿಲ್ಲ. ಅದೇಲಾಗೆ ಅರ್ಥವಾಗುತ್ತದೆ. ಜನವಿಲ್ಲದ ದಿನ ಹೋದರಾಯಿತು.

ಬೋನಿಯ ಹತ್ತಿರ ಹೋದೆ. ಅವನೂ ಹೋಗಿರಲಿಲ್ಲ, ಹಂದಿ ಮರಿ ಹಾಕುತ್ತಿತ್ತು. ಬಂದೂಕಿನ ಎರಡು ಹೊಸ ರೋಗ ಕಲಿಸಿದ. ಒಂದು, ಹೊಗೆಕೊಳವೆ: ಹಾರಿದ ಗುಂಡಿನ ಖಾಲಿ ಚಿಪ್ಪು ಹೊರಗೆ ಬೀಳದೆ ಬಾಗಿಲಲ್ಲಿ ಸಿಕ್ಕಿ, ಒಲೆಯ ಚಿಮಣಿಯ ಹಾಗೆ ನಿಲ್ಲುತ್ತದೆ. ಇನ್ನೊಂದು, ಎರಡು ತುತ್ತು: ಒಂದನ್ನು ನುಂಗುವ ಮೊದಲೇ ಇನ್ನೊಂದು ಬಾಯಿಗೆ ಬಂದು ಎರಡೂ ಸಿಕ್ಕಿಕೊಳ್ಳುವುದು. ಅದಕ್ಕೆ ತಟ್ಟಿ ಎಳೆದರೆ ಆಗದು. ಗುಂಡಿನ ಗೂಡನ್ನೇ ಕಿತ್ತು, ಮೂರು ಸಲ ಎಳೆದು ಬಾಯಿ ಖಾಲಿಮಾಡಿ, ಮತ್ತೆ ಮೊದಲಿಂದ ಉಣಿಸಬೇಕು.

“ಅಷ್ಟು ಹೊತ್ತು ಎದುರಿಗಿರೋನು ಏನ್ಮಾಡ್ತಿರ್ತಾನೆ?” ಅಂದೆ.

“ನಿನ್ನ ಹೆಸರಿಗೆ ಹೂವು ಆರ್ಡರ್ ಮಾಡ್ತಿರ್ತಾನೆ,” ಅಂದ ಬೋನಿ. “ಎರಡು ತುತ್ತು ಆಯ್ತೋ, ಮೊದ್ಲು ಓಡಿ ಅಡಗು. ಓಡ್ತೀಯ ತಾನೇ?”

ಮೊಣಕಾಲು ತೋರಿಸಿದೆ. ಇಬ್ಬರೂ ನಕ್ಕೆವು. ಒಳ್ಳೆಯ ದಿನ.

ನವೆಂಬರ್ ೧೪, ಗುರುವಾರ

ಮಿಂದಾಳ ತಾಯಿ, ಊರಿಗೆಲ್ಲ ಅಕ್ಕನಾದ ನಾಂಗ್ ಸಿದ್ರಾ ಮನೆಗೆ ಬಂದಿದ್ದಳು. ಈ ಊರಿನಲ್ಲಿ ನನ್ನನ್ನು ಇನ್ನೂ ‘ದೋಂಗ್’ ಎಂದು ಹುಡುಗನ ಹಾಗೆ ಕರೆಯುವ ಜೀವ ಅದೊಂದೇ. ಮಗಳ ಜಾಗದಲ್ಲಿ ಈಗ ಇವಳೇ ಮೀನು ಮಾರುತ್ತಾಳೆ. ಹೂಚಕ್ರದ ಸ್ಟ್ಯಾಂಡಿನ ಮೇಲಿನ ಬನಿಯನ್ನು ನೋಡಿ, “ಗಟ್ಟಿ ಬಿದಿರು,” ಅಂದಳು. ಆಮೇಲೆ ಅಂಗಿಯೊಳಗೆ ಕೈಹಾಕಿ ಒಂದು ಸಣ್ಣ ಬಟ್ಟೆಚೀಲ ತೆಗೆದಳು. ತಾಯಿತ. ಗುಡ್ ಫ್ರೈಡೇ ದಿನ ಗುಹೆಯಲ್ಲಿ ಬೇರು ಕಿತ್ತು, ಲ್ಯಾಟಿನ್ ಮಂತ್ರ ಬರೆದು ಹೊಲಿದದ್ದು.

“ಇದು ಅವಳ ಮೈಮೇಲಿತ್ತು ದೋಂಗ್. ಮೊದಲ್ನೇ ಗುಂಡು ಹಾರ್ಲಿಲ್ಲ ನೋಡು, ಇದರಿಂದ್ಲೇ.”

“ಎರಡನೇದು ಹಾರ್ತಲ್ಲ ನಾಂಗ್.”

“ಮಂಗಳವಾರ, ಶುಕ್ರವಾರ ಇದಕ್ಕೆ ಪ್ರಾರ್ಥನೆ ಉಣಿಸ್ಬೇಕು. ಅವಳೆಲ್ಲಿ ಉಣಿಸ್ತಿದ್ಲು? ಮೀಟಿಂಗು, ಮೀಟಿಂಗು. ಉಪವಾಸ ಇದ್ದು ಇದ್ದು ಒಂದೇ ಗುಂಡಿಗೆ ಸುಸ್ತಾಯ್ತು. ನಾನು ಆರು ತಿಂಗಳಿಂದ ಚೆನ್ನಾಗಿ ಉಣಿಸಿದೀನಿ. ನೀನು ಹಾಕ್ಕೋ.”

“ನಿಂಗೆ ಬೇಡ್ವಾ?”

“ನನ್ನ ಯಾರು ಹೊಡೀತಾರೆ ಮೀನು ಮುದುಕೀನ? ನೀನು ಮಾತಾಡೋ ತನಕ ಇರ್ಬೇಕು ದೋಂಗ್. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಅವಳಿಗೆ ತಪ್ಪಿತ್ತು. ಅಷ್ಟೊತ್ತು ಸಿಕ್ಕಿತ್ತು ಅವಳಿಗೆ.”

ಒಣಮೀನು ಇಟ್ಟು ಹೋದಳು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಆದರೂ ಮುದುಕಿಯ ಮನಸ್ಸು ನೋಯಬಾರದೆಂದು ಕೊರಳಿಗೆ ಹಾಕಿಕೊಂಡೆ. ಮೀನಿನ ವಾಸನೆ ಬರುತ್ತದೆ.

ಡಿಸೆಂಬರ್ ೩, ಮಂಗಳವಾರ

ಇವತ್ತು ವಿಚಾರಣೆ ಇತ್ತು. ಮುಂದಕ್ಕೆ ಹೋಯಿತು. ಜುನ್‌ರೇಯ ವಕೀಲನಿಗೆ ಕೆಮ್ಮಂತೆ. ಸರ್ಕಾರಿ ವಕೀಲೆ ತುಮುಲಾಕ್, ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು, ಮೆಟ್ಟಿಲವರೆಗೂ ಬಂದು, “ಬೇಜಾರು ಮಾಡ್ಕೋಬೇಡಿ ಸರ್. ಈ ಕೇಸಲ್ಲಿ ನೀವು ಬಿಟ್ರೆ ನಂಗೆ ಯಾರೂ ಇಲ್ಲ,” ಅಂದಳು. ನನ್ನ ವಾಕ್ಯವನ್ನು ಅವಳಿಗೆ ಹೇಳಿ ತೋರಿಸಿದೆ. ತುಂಬಾ ಚೆನ್ನಾಗಿದೆ ಸರ್, ಅಂದಳು.

ಮಧ್ಯಾಹ್ನ ಸುಮ್ಮನೆ ಕೂರಲಾರದೆ ಬೋನಿಯ ಹತ್ತಿರ ಹೋದೆ. ಇವತ್ತು ಸುಳ್ಳುಗುಂಡು ಬೆರೆಸಿರಲಿಲ್ಲ. ಎಲ್ಲ ಅಸಲಿ. ಆದರೂ ನಾಲ್ಕನೆಯದಕ್ಕೆ ಟಿಕ್. ತಟ್ಟಿ ಎಳೆದೆ. ಮತ್ತೆರಡು ಹಾರಿ, ಮತ್ತೆ ಟಿಕ್. ಆಮೇಲೆ ಹೊಗೆಕೊಳವೆ. ಬೋನಿ ಕೈಯಿಂದ ಕಿತ್ತುಕೊಂಡು ನೋಡಿದ, ಅವನ ಕೈಯಲ್ಲಿ ಎಲ್ಲ ಸರಿಯಾಗಿ ಹಾರಿತು. ಆಗ ನನ್ನ ಕೊರಳ ದಾರ ಕಂಡಿತು.

“ಅಯ್ಯಯ್ಯೋ ನೋಂಗ್! ಇದನ್ನ ಹಾಕ್ಕೊಂಡು ಬಂದಿದೀಯಾ? ಇದಕ್ಕೆ ಕಣ್ಣಿದೆಯಾ? ಯಾವ ಬಂದೂಕು ನಿಂದು, ಯಾವುದು ಅವಂದು ಅಂತ ಇದಕ್ಕೆ ಹೆಂಗ್ ಗೊತ್ತಾಗ್ಬೇಕು? ಹತ್ರ ಇದ್ದ ಬಂದೂಕಿನ ಬಾಯಿ ಕಟ್ಟೋದಷ್ಟೇ ಇದಕ್ಕೆ ಗೊತ್ತಿರೋದು. ನಮ್ಮ ಪಡೇಲಿ ಒಬ್ಬಿದ್ದ, ಮೈತುಂಬ ತಾಯಿತ. ಶತ್ರು ಎದುರಿಗೇ ನಿಂತಿದ್ದ, ಇಬ್ರೂ ಟಿಕ್ ಟಿಕ್ ಟಿಕ್ ಅಂತ ಅರ್ಧ ಗಂಟೆ. ಆಮೇಲೆ ಬೇಜಾರಾಗಿ ಇಬ್ರೂ ಊಟಕ್ ಹೋದ್ರು.”

ಆಮೇಲೆ ನಗುತ್ತಾ, ತಮಾಷೆ ನೋಂಗ್, ನಿನ್ನ ಮಣಿಕಟ್ಟು ಸಡಿಲ, ಗುಂಡೂ ಹಳೇವು, ಅಂದ. ಅವನು ಹಾಗೇ. ನಿಜ ಹೇಳಿ ಆಮೇಲೆ ತಮಾಷೆ ಅನ್ನುತ್ತಾನೆ. ಮಣಿಕಟ್ಟು ನನ್ನದೇ, ತಾಯಿತ ಬರುವ ಮುಂಚೆಯೂ ಇದೇ ಮಣಿಕಟ್ಟು ಇತ್ತು.

ಡಿಸೆಂಬರ್ ೪, ಬುಧವಾರ

ಮಾರುಕಟ್ಟೆಗೆ ಹೋಗಿ ತಾಯಿತವನ್ನು ವಾಪಸು ಕೊಟ್ಟೆ. ನಾಂಗ್ ಸಿದ್ರಾ ಮೀನಿನ ಹೊಟ್ಟೆ ಸೀಳುತ್ತಿದ್ದಳು. ಕೈ ಒರೆಸಿಕೊಳ್ಳಲೂ ಇಲ್ಲ.

“ಸಾಕ್ಷಿ ಹೇಳಲ್ವಾ?”

“ಹೇಳ್ತೀನಿ ನಾಂಗ್. ಇದು ಬಂದೂಕಿಗೆ ಆಗಲ್ಲ, ಅದಕ್ಕೇ. ಬೋನಿ ಹೇಳ್ದ.”

“ಬಂದೂಕಿಗೆ,” ಅಂದಳು. “ಬಂದೂಕಿಗೆ ಆಗ್ಬಾರ್ದು ಅಂತ ತಾನೇ ಇದನ್ನ ಹಾಕ್ಕೊಳ್ಳೋದು ದೋಂಗ್?”

ತರ್ಕದಲ್ಲಿ ಹೆಂಗಸರ ಎದುರು ನಿಲ್ಲಲಾಗದು. ಅದೇಲಾ ಕೂಡ ಹೀಗೇ. ಒಣಮೀನು ಕೊಡಲು ಬಂದಳು, ಬೇಡವೆಂದು ಬಂದೆ. ಸಂಜೆ ನೂರು ಸಲ ತಟ್ಟು-ಎಳೆ-ನೋಡು ಮಾಡಿದೆ. ಸರಾಗ.

ಡಿಸೆಂಬರ್ ೨೨, ಭಾನುವಾರ

ಕ್ರಿಸ್ಮಸ್ಸಿಗೆ ಮುಂಚಿನ ಬೆಳಗಿನ ಜಾವದ ಪೂಜೆಗಳಿಗೆ ಈ ವರ್ಷ ಹೋಗುತ್ತಿಲ್ಲ. ಚರ್ಚಿನಲ್ಲಿ ಕೂತರೆ ಬಾಗಿಲಿಗೆ ಬೆನ್ನು. ಪಾದ್ರಿ ಕೇಳಿದರು, ಮೊಣಕಾಲು ಅಂದೆ.

ಮೊನ್ನೆ ಚಾಕೊಲೇಟು ಅಂಗಡಿಯಲ್ಲಿ ಒಂದು ಸಣ್ಣ ಘಟನೆ. ಇಸ್ಪಿರಿಂಗ್ ನನ್ನ ಹಳೆಯ ಗೆಳೆಯ, ನನ್ನನ್ನು ‘ಪಾರೆ’ ಎಂದು ಸಲಿಗೆಯಿಂದ ಕರೆಯುವವನು, ನಮ್ಮ ಮದುವೆಗೆ ಸಾಕ್ಷಿಯ ಸಹಿ ಹಾಕಿದವನು. ಅವನದೊಂದು ಹಳೆಯ ಆಟವಿದೆ. ಹಿಂದಿನಿಂದ ಬಂದು ಕಣ್ಣು ಮುಚ್ಚಿ, “ಯಾರು ಹೇಳು?” ಅನ್ನುತ್ತಾನೆ. ನಾನು, “ಸಾಲ ಕೇಳೋಕೆ ಬಂದ ಪೀಡೆ” ಅನ್ನಬೇಕು. ಅವನು, “ಎಷ್ಟು ಕೊಡ್ತೀಯ?” ಅನ್ನಬೇಕು. ಇಷ್ಟೇ ಆಟ.

ಅವನ ಕೈ ಕಣ್ಣ ಮೇಲೆ ಬಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ಪಿಸ್ತೂಲು ಅವನ ಹೊಟ್ಟೆಯ ಮೇಲಿತ್ತು. ಅಂಗಿಯಲ್ಲಿ ಸಿಕ್ಕಿಕೊಳ್ಳಲಿಲ್ಲ, ಒಂದೇ ಎಳೆತಕ್ಕೆ ಬಂತು. ಇಷ್ಟು ದಿನ ಅಂಗಿ ಸಿಕ್ಕಿಕೊಳ್ಳುವುದೇ ನನ್ನ ದೊಡ್ಡ ತೊಂದರೆಯಾಗಿತ್ತು.

“ಪಾರೆ, ನಾನು ಕಣೋ,” ಅಂದ. “ನಾನು. ಇಸ್ಪಿರಿಂಗ್.”

“ಗೊತ್ತು,” ಅಂದೆ.

“ಗೊತ್ತಿದ್ರೆ ತೆಗಿ ಪಾರೆ.”

ತೆಗೆದೆ. ಅವನ ಚಡ್ಡಿ ಒದ್ದೆಯಾಗಿತ್ತು. ಬಿಸಿ ಚಾಕೊಲೇಟು ಚೆಲ್ಲಿರಬೇಕು. ಹಿಂದಿನಿಂದ ಬರಬೇಡವೆಂದು ಎಷ್ಟು ಸಲ ಹೇಳಿದ್ದೆ. ಅಥವಾ ಹೇಳಿರಲಿಲ್ಲವೋ.

ಅಂಗಡಿಯ ಯಜಮಾನಿ ನನಗೆ ಗೋಡೆಯ ಪಕ್ಕದ ಮೇಜು ಬಿಟ್ಟುಕೊಟ್ಟಿದ್ದಾಳೆ. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಅಲ್ಲಿಂದ ಎರಡೂ ಬಾಗಿಲು ಕಾಣುತ್ತವೆ. ಎದುರಿನ ಕುರ್ಚಿ ಖಾಲಿ ಇರುವುದರಿಂದ ನೋಟಕ್ಕೆ ಅಡ್ಡಿಯಿಲ್ಲ.

ಜನವರಿ ೯, ಗುರುವಾರ

ವಿಚಾರಣೆ ಮುಂದಕ್ಕೆ. ನ್ಯಾಯಾಧೀಶರಿಗೆ ಎಲ್ಲೋ ಸೆಮಿನಾರ್.

ಮನೆಯ ಎದುರು ಒಂದು ಬೈಕು ನಿಂತಿತ್ತು. ಹೋಯಿತು.

ಜನವರಿ ೧೧

ಬೈಕು. ಇವತ್ತು ಎರಡು ಸಲ.

ಜನವರಿ ೧೨

ಕೋಳಿಗಳನ್ನು ಕೊಟ್ಟುಬಿಟ್ಟೆ. ಅವು ಗಲಾಟೆ ಮಾಡಿದರೆ ಬೇರೆ ಸದ್ದು ಕೇಳಿಸುವುದಿಲ್ಲ.

ಜನವರಿ ೨೬, ಭಾನುವಾರ

ಬೋನಿ ಇವತ್ತು ಕೊನೆಯ ರೋಗವನ್ನು ಹೇಳಿಕೊಟ್ಟ. ಇದು ತೋರಿಸಿ ಕಲಿಸುವಂಥದ್ದಲ್ಲ, ಬಾಯಲ್ಲೇ ಹೇಳುವಂಥದ್ದು. ಕೆಲವೊಮ್ಮೆ ಗುಂಡಿನಲ್ಲಿ ಮದ್ದು ಸಾಲದೆ ಇರುತ್ತದೆ. ಒತ್ತಿದರೆ ‘ಢಂ’ ಅನ್ನುವ ಬದಲು ‘ಪುಸ್’ ಅನ್ನುತ್ತದೆ. ಗುಂಡು ಹೊರಗೆ ಬರುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ, ನಳಿಗೆಯ ನಡುವೆ ನಿಂತುಬಿಡುತ್ತದೆ.

“ಆಗ ತಟ್ಟಿ ಎಳೀಬೇಕಾ?”

“ತಟ್ಟಿದ್ಯೋ ಸತ್ತೆ!” ಬೋನಿ ಮೊದಲ ಸಲ ನಗದೆ ಮಾತಾಡಿದ. “ಎರಡನೇದು ಹೋಗಿ ಮೊದಲ್ನೇದಕ್ಕೆ ಗುದ್ದುತ್ತೆ. ನಳಿಗೆ ಸೀಳ್ಕೊಂಡು ನಿನ್ನ ಕೈಗೆ, ಕಣ್ಣಿಗೆ. ಸದ್ದು ಸಣ್ಣದಾಗಿ ಬಂತಾ, ನಿಲ್ಸು. ಅಲ್ಲೇ ನಿಲ್ಸು. ಇನ್ನೊಂದು ಸಲ ಒತ್ಬೇಡ. ಎದುರಿಗೆ ಯಾರೇ ಇರ್ಲಿ.”

ಕೈಯನ್ನು ಸರಸರನೆ ಓಡುವ ಹಾಗೆ ಪಳಗಿಸುವುದಷ್ಟೇ ವಿದ್ಯೆ ಅಂದುಕೊಂಡಿದ್ದೆ. ನಿಲ್ಲಿಸುವುದನ್ನೂ ಪಳಗಿಸಬೇಕಂತೆ. ಮನೆಗೆ ಬಂದು ನನ್ನ ವಾಕ್ಯವನ್ನೂ ಹೇಳಿ ನೋಡಿದೆ. ಸಾ ಬರಬೇಕೋ ಸೀ ಬರಬೇಕೋ ಗೊಂದಲ. ಬಹಳ ದಿನವಾಗಿತ್ತು ಹೇಳಿಕೊಂಡು. ತಟ್ಟುವುದು ಎಳೆಯುವುದು ಮಾತ್ರ ನಿದ್ದೆಯಲ್ಲೂ ಬರುತ್ತದೆ.

ಫೆಬ್ರುವರಿ ೧೯, ಬುಧವಾರ

ನಾಳೆ ಖಂಡಿತ ನಡೆಯುತ್ತದಂತೆ. ತುಮುಲಾಕ್ ಫೋನು ಮಾಡಿ ಹೇಳಿದಳು. ಅಂಗಿ ಇಸ್ತ್ರಿ ಮಾಡಿ ಹೂಚಕ್ರದ ಸ್ಟ್ಯಾಂಡಿಗೆ ಹಾಕಿದ್ದೇನೆ. ಪಿಸ್ತೂಲಿಗೆ ಎಣ್ಣೆ ಹಾಕಿದೆ. ಅದೇಲಾಳ ಬುರುಡೆಯಲ್ಲಿ ಇನ್ನು ಕೊನೆಯ ಹನಿ.

ಫೆಬ್ರುವರಿ ೨೦, ಗುರುವಾರ

ಕೋರ್ಟಿನ ಬಾಗಿಲಲ್ಲಿ ಪಿಸ್ತೂಲು ಒಪ್ಪಿಸಬೇಕಂತೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹಿಂದಿನ ಎರಡು ಸಲವೂ ಮೆಟ್ಟಿಲಿನಿಂದಲೇ ವಾಪಸು ಬಂದಿದ್ದೆನಲ್ಲ. ಪರವಾನಗಿ ತೋರಿಸಿದೆ. ಕಾವಲುಗಾರ, “ಇದು ಬೀದೀಗೆ ನೋಂಗ್, ನ್ಯಾಯಕ್ಕಲ್ಲ,” ಅಂದ. ಒಳ್ಳೆಯ ಮಾತುಗಾರ. ಚಪ್ಪಲಿ ಬಿಟ್ಟವರಿಗೆ ಕೊಡುವಂಥ ಒಂದು ತಗಡಿನ ಬಿಲ್ಲೆ ಕೊಟ್ಟ. ಪಿಸ್ತೂಲಿಲ್ಲದೆ ಸೊಂಟದ ಬಲಗಡೆ ಹಗುರವಾಗಿ, ನಡೆಯುವಾಗ ಎಡಕ್ಕೆ ವಾಲುತ್ತಿದ್ದೆ. ಹಲ್ಲು ಕಿತ್ತ ಮೇಲೆ ನಾಲಗೆ ಅಲ್ಲಿಗೇ ಹೋಗುವ ಹಾಗೆ ಕೈ ಅಲ್ಲಿಗೇ ಹೋಗುತ್ತಿತ್ತು.

ಸಾಕ್ಷಿಯ ಕುರ್ಚಿಗೆ ಬೆನ್ನ ಹಿಂದೆ ಗೋಡೆ ಇದೆ, ಅದು ಒಳ್ಳೆಯದು. ಬಾಗಿಲು ಕಾಣುತ್ತದೆ. ಜುನ್‌ರೇ ಜೈಲಿನ ಕಿತ್ತಳೆ ಅಂಗಿಯಲ್ಲಿ ಇಳಿದುಹೋಗಿದ್ದಾನೆ. ನನ್ನ ನೋಡಿ ತಲೆಬಗ್ಗಿಸಿದ, ಐಸು ಕೇಳಲು ಬಂದಾಗಿನ ಹಾಗೆಯೇ. ಕೊನೆಯ ಬೆಂಚಿನಲ್ಲಿ ನಾಂಗ್ ಸಿದ್ರಾ, ಚರ್ಚಿನ ಬಿಳಿ ಉಡುಪಿನಲ್ಲಿ. ಅವಳ ಪಕ್ಕದಲ್ಲಿ ಒಬ್ಬ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅದರ ಗಾಜನ್ನು ಮೇಲೆತ್ತುತ್ತಿದ್ದ, ಇಳಿಸುತ್ತಿದ್ದ. ಮೇಲೆ, ಕೆಳಗೆ. ಬೇಜಾರಾದವರು ಪೆನ್ನಿನ ಮುಚ್ಚಳ ಆಡಿಸುವ ಹಾಗೆ. ಅವಳ ಭುಜಕ್ಕೆ ಅವನ ಭುಜ ತಾಗುತ್ತಿತ್ತು. ಅವಳು ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

ದುಭಾಷಿ ಬೇಡ, ಇಂಗ್ಲಿಷಿನಲ್ಲೇ ಹೇಳುತ್ತೇನೆ ಅಂದೆ. ನ್ಯಾಯಾಧೀಶರು ಒಪ್ಪಿದರು. ತುಮುಲಾಕ್ ಕೇಳಿದಳು. ಎಲ್ಲಿ ಕೂತಿದ್ದಿರಿ, ಏನು ಕುಡಿಯುತ್ತಿದ್ದಿರಿ, ಬೈಕು ಯಾವ ಕಡೆಯಿಂದ ಬಂತು. ಎಲ್ಲ ಚೆನ್ನಾಗಿ ಹೇಳಿದೆ. ‘ಹಿಸ್ ಗನ್ ಹ್ಯಾಡ್ ಎ ಮಾಲ್‌ಫಂಕ್ಷನ್’ ಅಂದೆ. ಆ ಪದಕ್ಕೆ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

ಆಮೇಲೆ ಅವಳು ಕೇಳಿದಳು, ಮುಖ ನೋಡಿದಿರಾ?

ಗಾಜು ಮೇಲೆ. ಗಾಜು ಕೆಳಗೆ.

‘ನೋ,’ ಅಂದೆ. ‘ದಿ ಗ್ಲಾಸ್ ವಾಸ್ ಡೌನ್. ಐ ಡಿಡ್ ನಾಟ್ ಸಾ.’

ಹೊರಬಂದ ಸದ್ದು ಬಹಳ ಸಣ್ಣದಿತ್ತು. ಟೈಪು ಮಾಡುವವಳು ಮತ್ತೊಮ್ಮೆ ಹೇಳಲು ಕೇಳಿದಳು. ತುಮುಲಾಕ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. “ಸರ್, ಇನ್ನೊಂದ್ಸಲ ಕೇಳ್ತೀನಿ, ನಿಧಾನವಾಗಿ ಯೋಚ್ನೆ ಮಾಡಿ,” ಎಂದು ನಮ್ಮ ಭಾಷೆಯಲ್ಲೇ ಅಂದುಬಿಟ್ಟಳು. ಜುನ್‌ರೇಯ ವಕೀಲ ಆಕ್ಷೇಪಿಸಿದ. ನಾನು ಬೋನಿ ಹೇಳಿದ್ದನ್ನು ನೆನೆಸಿಕೊಂಡೆ. ಸದ್ದು ಸಣ್ಣದಾಗಿ ಬಂದಾಗ ನಿಲ್ಲಿಸಬೇಕು. ಎರಡನೇ ಸಲ ಒತ್ತಬಾರದು. ಅವಳು ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿದಳು. ನಾನು ಒತ್ತಲಿಲ್ಲ.

ಡಿಡ್ ಆದ ಮೇಲೆ ಸೀ ಬರಬೇಕು, ಸಾ ಅಲ್ಲ. ಮಿಸ್ ವಿಲ್ಯಾಫ್ಲೋರ್ ಇದ್ದಿದ್ದರೆ ಬೆರಳಿಗೆ ಹೊಡೆಯುತ್ತಿದ್ದರು. ದಾಖಲೆಯಲ್ಲಿ ಹಾಗೇ ಹೋಯಿತು, ತಿದ್ದಲು ಬಿಡುವುದಿಲ್ಲವಂತೆ. ದಾರಿಯುದ್ದಕ್ಕೂ ಅದೇ ಕೊರೆಯುತ್ತಿತ್ತು.

ಹೊರಗೆ ಪಿಸ್ತೂಲು ವಾಪಸು ಪಡೆಯುತ್ತಿದ್ದಾಗ ನಾಂಗ್ ಸಿದ್ರಾ ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

“ಎಷ್ಟೊಂದು ಇಂಗ್ಲಿಷ್ ಮಾತಾಡ್ದೆ ದೋಂಗ್! ನಂಗೊಂದಕ್ಷರ ತಿಳೀಲಿಲ್ಲ. ಆದ್ರೆ ಆ ಹುಡುಗಿ ಮತ್ತೆ ಮತ್ತೆ ಕೇಳ್ತಾ ಇದ್ಲು, ನೀನು ಜಗ್ಗಲೇ ಇಲ್ಲ. ಕಲ್ಲು ಕೂತ ಹಾಗೆ ಕೂತಿದ್ದೆ. ಮಿಂದಾ ನೋಡ್ಬೇಕಿತ್ತು.”

ನಾನು, “ಬಿಸಿಲಿದೆ ನಾಂಗ್, ಮನೆಗೆ ಹೋಗು,” ಅಂದೆ.

“ಈಗ್ಲಾದ್ರೂ ಹಾಕ್ಕೋ. ಈಗ್ಲೇ ಬೇಕಾಗೋದು. ಮಾತಾಡಿ ಆಯ್ತಲ್ಲ, ಇನ್ನು ಬಿಡ್ತಾರಾ ನಿನ್ನ?” ತಾಯಿತವನ್ನು ನನ್ನ ಅಂಗಿಯ ಜೇಬಿಗೆ ತುರುಕಿ, ಮೇಲಿಂದ ಒಂದು ಸಲ ತಟ್ಟಿದಳು. ತುಮುಲಾಕ್ ಮೆಟ್ಟಿಲ ಮೇಲೆ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಇಳಿದು ಬಂದು ಮುದುಕಿಗೆ ಹೇಳುತ್ತಾಳೇನೋ ಅಂದುಕೊಂಡೆ. ಹೇಳಲಿಲ್ಲ, ಒಳಗೆ ಹೋದಳು. ನಾಳೆಯೋ ನಾಡಿದ್ದೋ ಯಾರಾದರೂ ಹೇಳುತ್ತಾರೆ. ಮೀನು ಮಾರುಕಟ್ಟೆಯಲ್ಲಿ ಯಾವ ಸುದ್ದಿಯೂ ಹಳಸುವವರೆಗೆ ಇರುವುದಿಲ್ಲ.

ನಡೆದು ಬರುವಾಗ ಒಂದು ಬೈಕು ಹಿಂದಿನಿಂದ ಬಂತು. ಪಕ್ಕಕ್ಕೆ ಸರಿದು, ಪೀಂ ಪೀಂ ಎಂದು ಎರಡು ಸಲ ಮೆಲ್ಲಗೆ ಹಾರ್ನ್ ಮಾಡಿ, ಕೈಯೆತ್ತಿ ಮುಂದೆ ಹೋಯಿತು, ಹಿರಿಯರಿಗೆ ದಾರಿ ಬಿಡುವ ಹಾಗೆ. ಎಷ್ಟೋ ತಿಂಗಳ ಮೇಲೆ ಒಬ್ಬರು ನನಗೆ ಬೀದಿಯಲ್ಲಿ ಮರ್ಯಾದೆ ಕೊಟ್ಟರು. ನಾನೂ ಕೈಯೆತ್ತಿದೆ.

ಫೆಬ್ರುವರಿ ೨೧, ಶುಕ್ರವಾರ

ತಾಯಿತವನ್ನು ಹಿತ್ತಲಿನ ಖಾಲಿ ಕೋಳಿಗೂಡಿನ ಮೊಳೆಗೆ ತೂಗುಹಾಕಿದ್ದೇನೆ. ಪಿಸ್ತೂಲಿರುವ ಮಲಗುವ ಕೋಣೆಯಿಂದ ಅಷ್ಟು ದೂರವಿದ್ದರೆ ಸಾಕೆಂದು ಕಾಣುತ್ತದೆ. ಇವತ್ತು ಅದಕ್ಕೆ ಉಣಿಸುವ ದಿನ. ಪ್ರಾರ್ಥನೆ ನನಗೆ ಬರುವುದಿಲ್ಲ.

ಬೋನಿಯ ಹತ್ತಿರ ಹೋದೆ. ಕೋರ್ಟಿನ ವಿಷಯ ಅವನಿಗೆ ಆಗಲೇ ತಿಳಿದಿತ್ತು. ಕಾಲೇಜು ಎಂದು ಹಂಗಿಸಲಿಲ್ಲ. ಗುಂಡಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹಂದಿಗಳಿಗೆ ನೀರು ಹಾಕಲು ಹೋದ. ಒಬ್ಬನೇ ನಿಂತು ಹೊಡೆದೆ. ಪೆಟ್ಟಿಗೆಯೆಲ್ಲ ಮುಗಿಯಿತು.

ಟಿಕ್ ಇಲ್ಲ, ಹೊಗೆಕೊಳವೆ ಇಲ್ಲ, ಎರಡು ತುತ್ತು ಇಲ್ಲ. ಒಂದೂ ಕೈಕೊಡಲಿಲ್ಲ.